ಕ್ಲಾಸಿಕ್ ಕಾರುಗಳ ಬಣ್ಣ ರಕ್ಷಣಾ ಫಿಲ್ಮ್

ಬಣ್ಣ ರಕ್ಷಣಾ ಫಿಲ್ಮ್ ಎಂಬುದು ಮೋಟಾರು ವಾಹನದ ಹೊರಮೈಗೆ ಬಳಿದ ಬಣ್ಣದ ಮೇಲೆ ಅಂಟಿಸುವ, ಹಿಗ್ಗುವ ಗುಣವುಳ್ಳ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಹಾರಿಬರುವ ಜಲ್ಲಿಕಲ್ಲು, ಮರಳು, ಕೀಟ, ಹಕ್ಕಿಯ ಹಿಕ್ಕೆ ಮತ್ತು ಒರೆಸುವಾಗ ಬೀಳುವ ಸಣ್ಣ ಗೀರುಗಳಿಂದ ಬಣ್ಣವನ್ನು ಕಾಪಾಡುವುದು ಇದರ ಉದ್ದೇಶ. ವಾಹನ ವ್ಯಾಪಾರದಲ್ಲಿ ಇದನ್ನು ಪಿಪಿಎಫ್ ಎಂಬ ಸಂಕ್ಷಿಪ್ತ ಹೆಸರಿನಿಂದ ಕರೆಯುತ್ತಾರೆ. ಇದರ ಮುಖ್ಯ ವಸ್ತು ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್. ಸಾಮಾನ್ಯವಾಗಿ ಹಾಳೆಯ ಒಟ್ಟು ದಪ್ಪ 150ರಿಂದ 200 ಮೈಕ್ರಾನ್, ಅಂದರೆ ಮನುಷ್ಯನ ಎರಡು ಮೂರು ತಲೆಗೂದಲುಗಳನ್ನು ಒಂದರ ಮೇಲೊಂದು ಇಟ್ಟಷ್ಟು.

ಹೊಸ ಕಾರುಗಳಲ್ಲಿ ಇದರ ಬಳಕೆ ಸರಳವಾದುದು. 1980ರ ದಶಕಕ್ಕಿಂತ ಹಿಂದಿನ ಕ್ಲಾಸಿಕ್ ಕಾರುಗಳಲ್ಲಿ, ಅದರಲ್ಲೂ ನೆಲಕ್ಕೆ ತಗ್ಗಾಗಿ ಕುಳಿತ ಉದ್ದ ಬಾನೆಟ್ಟಿನ ಕ್ರೀಡಾ ಕಾರುಗಳಲ್ಲಿ, ಪರಿಸ್ಥಿತಿ ಬೇರೆ. ಅವುಗಳ ಮೂಲ ಬಣ್ಣ ಮತ್ತೆ ದೊರೆಯುವಂಥದ್ದಲ್ಲ. ಅದೇ ಬಣ್ಣ ಹಾಳೆಯ ಅಂಟಿಗಿಂತ ದುರ್ಬಲವಾಗಿಯೂ ಇರಬಹುದು. ಹೀಗಾಗಿ ಕಾಪಾಡಲೆಂದು ಅಂಟಿಸಿದ ಹಾಳೆಯೇ ತೆಗೆಯುವ ದಿನ ಬಣ್ಣವನ್ನು ಕಿತ್ತುಕೊಂಡು ಬರುವ ಸಾಧ್ಯತೆ ಇದೆ. ಹಳೆಯ ಕಾರಿನ ವಿಷಯದಲ್ಲಿ ಯಾವ ಕಂಪನಿಯ ಫಿಲ್ಮ್ ಎಂಬುದಕ್ಕಿಂತ ಅದರ ಕೆಳಗಿರುವುದು ಯಾವ ಬಣ್ಣ ಎಂಬ ಪ್ರಶ್ನೆಯೇ ಹೆಚ್ಚು ಮುಖ್ಯವಾಗುತ್ತದೆ.

ಇತಿಹಾಸ

ಪಾಲಿಯುರೆಥೇನ್ ರಸಾಯನಶಾಸ್ತ್ರಕ್ಕೆ 1937ರಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಆಟೋ ಬೇಯರ್ ಮತ್ತು ಅವರ ಸಹೋದ್ಯೋಗಿಗಳು ಅಡಿಪಾಯ ಹಾಕಿದರು. ಇದನ್ನು ತೆಳುವಾದ ರಕ್ಷಣಾ ಹಾಳೆಯಾಗಿ ಬಳಸುವ ಅಗತ್ಯ ಹುಟ್ಟಿದ್ದು ವಿಯೆಟ್ನಾಂ ಯುದ್ಧದ ಕಾಲದಲ್ಲಿ. ಹೆಲಿಕಾಪ್ಟರುಗಳು ಬರಿ ನೆಲದ ಮೇಲೆ ಏರಿಳಿಯುವಾಗ ಎದ್ದ ಮರಳು ಮತ್ತು ಚೂರುಗಳು ರೆಕ್ಕೆಗಳ ಮುಂಚೂಣಿಯ ಅಂಚನ್ನು ಸವೆಸುತ್ತಿದ್ದವು. ಅಮೆರಿಕದ ತ್ರೀಎಂ ಕಂಪನಿಯು ಆ ಅಂಚಿಗೆ ಅಂಟಿಸಬಹುದಾದ, ಹಗುರವಾದ ಪಾಲಿಯುರೆಥೇನ್ ಪಟ್ಟಿಯನ್ನು ಸಿದ್ಧಪಡಿಸಿತು. ಮುಂದೆ ಮೋಟಾರು ಪಂದ್ಯಗಳ ತಂಡಗಳು ಅದೇ ಪಟ್ಟಿಯನ್ನು ಕಾರಿನ ಮೂತಿಗೆ ಮತ್ತು ಚಕ್ರದ ಹಿಂಬದಿಗೆ ಅಂಟಿಸತೊಡಗಿದವು. ಆ ವಲಯದಲ್ಲಿ ಇದನ್ನು ಇಂದಿಗೂ ಹೆಲಿಕಾಪ್ಟರ್ ಟೇಪ್ ಎಂದು ಕರೆಯುವುದುಂಟು.

ಅದಕ್ಕೂ ಮೊದಲು ಕಾರಿನ ಮುಂಭಾಗಕ್ಕೆ ವಿನೈಲಿನ ಮುಸುಕು ತೊಡಿಸುವ ರೂಢಿ ಕೆಲವು ದೇಶಗಳಲ್ಲಿತ್ತು. ಮುಸುಕು ಕಲ್ಲನ್ನು ತಡೆಯುತ್ತಿತ್ತು. ಆದರೆ ಅದರ ಒಳಗೆ ಸೇರಿದ ಮರಳು ಗಾಳಿಗೆ ಅಲುಗಾಡಿ ಬಣ್ಣವನ್ನು ಉಜ್ಜುತ್ತಿತ್ತು, ಮಳೆಯ ನೀರು ಅಲ್ಲೇ ನಿಲ್ಲುತ್ತಿತ್ತು. ಕೆಲವು ತಯಾರಕರು ಕಾರ್ಖಾನೆಯಲ್ಲೇ ರಕ್ಷಣಾ ಪಟ್ಟಿಗಳನ್ನು ಹಾಕಿ ಕೊಡುತ್ತಿದ್ದರು. ಪೋರ್ಷೆ 911ರ 1970ರ ದಶಕದ ಟರ್ಬೊ ಮಾದರಿಯಲ್ಲಿ ಉಬ್ಬಿದ ಹಿಂಬದಿ ಮಡ್‌ಗಾರ್ಡುಗಳ ಮುಂಚಾಚಿನ ಮೇಲೆ ಕಾಣುವ ಕಪ್ಪು ಪಟ್ಟಿ ಅಲಂಕಾರಕ್ಕಾಗಿ ಹಾಕಿದ್ದಲ್ಲ. ಮುಂದಿನ ಚಕ್ರಗಳು ಎಸೆಯುವ ಕಲ್ಲು ನೇರವಾಗಿ ಬಂದು ಬಡಿಯುವ ಜಾಗ ಅದು.

ಆರಂಭದ ಕಾರು ಫಿಲ್ಮುಗಳು ಗಡುಸಾಗಿದ್ದು, ಬಾಗಿದ ಮೈಗೆ ಒಗ್ಗುತ್ತಿರಲಿಲ್ಲ. ಬಿಸಿಲಿಗೆ ಬೇಗ ಹಳದಿಯಾಗುತ್ತಿದ್ದವು. ಸಣ್ಣ ಗೀರುಗಳು ಶಾಖಕ್ಕೆ ತಾವಾಗಿಯೇ ಮುಚ್ಚಿಕೊಳ್ಳುವ ಮೇಲ್ಪದರ ಬಂದ ಬಳಿಕ, ಸುಮಾರು 2010ರಿಂದ ಈಚೆಗೆ, ಇದರ ಬಳಕೆ ಸಾಮಾನ್ಯ ಗ್ರಾಹಕರಿಗೂ ಹಬ್ಬಿತು. ಭಾರತದಲ್ಲಿ ಬೆಂಗಳೂರು ಸೇರಿದಂತೆ ದೊಡ್ಡ ನಗರಗಳ ಕಾರು ಅಲಂಕಾರದ ಅಂಗಡಿಗಳಲ್ಲಿ ಇದು ಈಗ ಪರಿಚಿತ ಸೇವೆ. ಮಹಾರಾಷ್ಟ್ರದ ಗರ್ವಾರೆ ಹೈ-ಟೆಕ್ ಫಿಲ್ಮ್ಸ್ ಸಂಸ್ಥೆಯು ಇಂಥ ಫಿಲ್ಮನ್ನು ಭಾರತದಲ್ಲೇ ತಯಾರಿಸುತ್ತದೆ.

ರಚನೆ

ಹಾಳೆಯಲ್ಲಿ ಮೂರು ಕೆಲಸಗಾರ ಪದರಗಳಿವೆ. ತೀರ ಮೇಲಿನದು ಕೆಲವೇ ಮೈಕ್ರಾನ್ ದಪ್ಪದ ಲೇಪ. ಕಲೆ ಹಿಡಿಯದಂತೆ ತಡೆಯುವುದು, ನೀರನ್ನು ಜಾರಿಸುವುದು ಮತ್ತು ಗೀರು ಮುಚ್ಚಿಕೊಳ್ಳುವುದು ಇದರ ಕೆಲಸ. ನಡುವೆ ಪಾಲಿಯುರೆಥೇನಿನ ದಪ್ಪ ಪದರವಿದ್ದು, ಕಲ್ಲಿನ ಪೆಟ್ಟನ್ನು ಹೀರಿಕೊಂಡು ಸುತ್ತಲೂ ಹರಡುತ್ತದೆ. ಕೆಳಗಿನದು ಒತ್ತಿದರೆ ಹಿಡಿಯುವ ಅಕ್ರಿಲಿಕ್ ಅಂಟು. ಅಂಟಿನ ಬೆನ್ನಿಗಿರುವ ಪಾಲಿಯೆಸ್ಟರ್ ಹಾಳೆಯನ್ನು ಅಂಟಿಸುವಾಗ ಸುಲಿದು ಎಸೆಯಲಾಗುತ್ತದೆ.

ನಡುಪದರದ ರಸಾಯನವೇ ಹಾಳೆಯ ಆಯುಸ್ಸನ್ನು ನಿರ್ಧರಿಸುತ್ತದೆ. ಅರೋಮ್ಯಾಟಿಕ್ ಪಾಲಿಯುರೆಥೇನ್ ಅಗ್ಗ, ಆದರೆ ನೇರಳಾತೀತ ಕಿರಣಕ್ಕೆ ಹಳದಿಗಟ್ಟುತ್ತದೆ. ಅಲಿಫ್ಯಾಟಿಕ್ ಬಗೆಯದು ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ಅದರಲ್ಲಿಯೂ ಸಾಮಾನ್ಯ ಪಾಲಿಯೆಸ್ಟರ್ ಆಧಾರದ ಹಾಳೆ ಬಿಸಿ ಮತ್ತು ತೇವ ಎರಡೂ ಕೂಡಿದ ಕಡೆ ನೀರಿನಿಂದ ನಿಧಾನವಾಗಿ ಒಡೆಯುತ್ತದೆ. ಪಾಲಿಈಥರ್ ಆಧಾರದ್ದು ನೀರನ್ನು ತಾಳುತ್ತದಾದರೂ ಬಿಸಿಲಿನಲ್ಲಿ ಹಿಂದೆ ಬೀಳುತ್ತದೆ. ಎರಡರ ನಡುವಿನ ದಾರಿಯಾಗಿ ಉತ್ತಮ ದರ್ಜೆಯ ಹಾಳೆಗಳಲ್ಲಿ ಪಾಲಿಕ್ಯಾಪ್ರೊಲ್ಯಾಕ್ಟೋನ್ ಆಧಾರದ ಪಾಲಿಯುರೆಥೇನನ್ನು ಬಳಸುತ್ತಾರೆ. ಪಾಲಿಯುರೆಥೇನ್ ಎಂದು ಹೇಳಿ ಪಿವಿಸಿ ಹಾಳೆಯನ್ನು ಅಗ್ಗವಾಗಿ ಮಾರುವುದೂ ಮಾರುಕಟ್ಟೆಯಲ್ಲಿದೆ. ಪಿವಿಸಿ ಹಾಳೆ ಎಳೆದರೆ ಮೊದಲಿನ ಅಳತೆಗೆ ಮರಳುವುದಿಲ್ಲ, ಕೆಲವು ಬೇಸಿಗೆಗಳಲ್ಲಿ ಗಡುಸಾಗಿ ಬಿರುಕು ಬಿಡುತ್ತದೆ, ತೆಗೆಯುವಾಗ ಚೂರುಚೂರಾಗಿ ಬರುತ್ತದೆ.

ಹಳೆಯ ಕಾರಿನ ಬಣ್ಣ

ಇಂದಿನ ಕಾರುಗಳಲ್ಲಿ ಪ್ರೈಮರ್, ಅದರ ಮೇಲೆ ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಹೊಳಪಿನ ಪದರ ಎಂಬ ಕ್ರಮವಿದೆ. ಫಿಲ್ಮಿನ ಅಂಟು ಹಿಡಿಯುವುದು ಈ ಕೊನೆಯ ಪದರವನ್ನು. ಫಿಲ್ಮ್ ತಯಾರಕರು ಕೊಡುವ ಖಾತರಿಯೂ ಕಾರ್ಖಾನೆಯಲ್ಲಿ ಬೇಯಿಸಿದ ಇಂಥ ಬಣ್ಣವನ್ನೇ ಮನಸ್ಸಿನಲ್ಲಿಟ್ಟುಕೊಂಡದ್ದು. ಈ ಎರಡು ಹಂತದ ಪದ್ಧತಿ ವ್ಯಾಪಕವಾದದ್ದು 1980ರ ದಶಕದಲ್ಲಿ. ಅದಕ್ಕೂ ಹಿಂದಿನ ಬಹುಪಾಲು ಕಾರುಗಳಲ್ಲಿ ಬಣ್ಣದ ಪುಡಿ ಬೆರೆತ ಪದರವೇ ಮೇಲ್ಮೈ.

1920ರ ದಶಕದವರೆಗೆ ಕಾರುಗಳಿಗೆ ಸಾರೋಟಿನಂತೆ ಎಣ್ಣೆಬಣ್ಣ ಮತ್ತು ವಾರ್ನಿಶನ್ನು ಕುಂಚದಿಂದ ಬಳಿಯುತ್ತಿದ್ದರು. ಒಣಗಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯು ಡ್ಯೂಕೋ ಎಂಬ ಹೆಸರಿನಲ್ಲಿ ತಂದ ನೈಟ್ರೊಸೆಲ್ಯುಲೋಸ್ ಲ್ಯಾಕರ್, ಗನ್ನಿನಿಂದ ಸಿಂಪಡಿಸಿದರೆ ಗಂಟೆಗಳಲ್ಲಿ ಒಣಗುತ್ತಿತ್ತು. ಆ ವ್ಯಾಪಾರನಾಮ ಕರ್ನಾಟಕದ ಗ್ಯಾರೇಜುಗಳಲ್ಲಿ ಇಂದಿಗೂ ಉಳಿದಿದೆ. ಡೆಂಟಿಂಗ್-ಪೇಂಟಿಂಗ್ ಕೆಲಸದವರು ಯಾವ ಕಂಪನಿಯ ನೈಟ್ರೊಸೆಲ್ಯುಲೋಸ್ ಬಣ್ಣವನ್ನಾದರೂ ಡ್ಯೂಕೋ ಎಂದೇ ಕರೆಯುತ್ತಾರೆ. ಮರಗೆಲಸದವರ ಮಾತಿನಲ್ಲೂ ಅದು ಸೇರಿಹೋಗಿದೆ. ಲ್ಯಾಕರ್ ಎಂಬ ಹೆಸರಿನ ಮೂಲ ಲಾಕ್ಷಾ, ಅಂದರೆ ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗು. ಡ್ಯೂಕೋದಲ್ಲಿ ಮಾತ್ರ ಅರಗಿನ ಸಂಬಂಧವೇನೂ ಇಲ್ಲ.

ಈ ಲ್ಯಾಕರಿನ ಒಂದು ಗುಣ ಫಿಲ್ಮಿನ ಮಟ್ಟಿಗೆ ನಿರ್ಣಾಯಕ. ಅದು ದ್ರಾವಕ ಆವಿಯಾಗಿ ಒಣಗುವ ಬಣ್ಣ. ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುವುದಿಲ್ಲ. ಆದ್ದರಿಂದ ಎಷ್ಟೇ ವರ್ಷಗಳಾದರೂ ತಕ್ಕ ದ್ರಾವಕ ತಗುಲಿದರೆ ಮತ್ತೆ ಮೆದುವಾಗುತ್ತದೆ, ಶಾಖಕ್ಕೂ ಮೆದುವಾಗುತ್ತದೆ. ಫಿಲ್ಮ್ ಅಂಟಿಸುವ ಕೆಲಸದಲ್ಲಿ ಮೇಲ್ಮೈಯ ಜಿಡ್ಡನ್ನು ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲನ್ನೂ, ಅಂಚುಗಳನ್ನು ಮಡಚಲು ಹೀಟ್ ಗನ್ನನ್ನೂ ಬಳಸುವುದು ವಾಡಿಕೆ. ಹೊಸ ಕಾರಿಗೆ ಇವೆರಡೂ ನಿರಪಾಯಕಾರಿ. ಅರವತ್ತು ವರ್ಷದ ಲ್ಯಾಕರಿಗೆ ಎರಡೂ ಅಪಾಯ. ಎನಾಮಲ್ ಬಣ್ಣಗಳು ಈ ವಿಷಯದಲ್ಲಿ ಸ್ವಲ್ಪ ಗಟ್ಟಿ. ಆದರೆ ಅವೂ ಹಳತಾದಂತೆ ಮೇಲ್ಮೈಯಲ್ಲಿ ಪುಡಿಗಟ್ಟುತ್ತವೆ, ಆ ಪುಡಿಯ ಮೇಲೆ ಅಂಟು ನಿಲ್ಲುವುದಿಲ್ಲ.

ಕಾರಿನ ಮೇಲಿರುವುದು ಯಾವ ಬಗೆಯ ಬಣ್ಣ ಎಂದು ತಿಳಿಯಲು ಸರಳ ಪರೀಕ್ಷೆಗಳಿವೆ. ಬಾಗಿಲಿನ ಒಳಅಂಚಿನಂಥ ಮರೆಯ ಜಾಗದಲ್ಲಿ ಬಿಳಿ ಬಟ್ಟೆಗೆ ಪಾಲಿಷ್ ಹಚ್ಚಿ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಮೇಲೆ ಪಾರದರ್ಶಕ ಪದರವಿಲ್ಲ ಎಂದರ್ಥ. ಅಲ್ಲೇ ಒಂದು ಚುಕ್ಕಿ ಲ್ಯಾಕರ್ ಥಿನ್ನರ್ ಸೋಕಿಸಿದಾಗ ಬಣ್ಣ ಕರಗಿ ಬಂದರೆ ಅದು ಲ್ಯಾಕರ್, ಸುಕ್ಕುಗಟ್ಟಿದರೆ ಎನಾಮಲ್, ಏನೂ ಆಗದಿದ್ದರೆ ಇತ್ತೀಚೆಗೆ ಬಳಿದ, ಗಟ್ಟಿಕಾರಕ ಬೆರೆಸಿದ ಎರಡು ಘಟಕಗಳ ಪಾಲಿಯುರೆಥೇನ್ ಬಣ್ಣ.

ದಪ್ಪವನ್ನು ಅಳೆಯುವುದು ಇನ್ನೊಂದು ಮುಖ್ಯ ಹೆಜ್ಜೆ. ಕಾರ್ಖಾನೆಯ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ದಶಕಗಳ ಕಾಲ ಕಾಂಪೌಂಡ್ ಹಾಕಿ ಉಜ್ಜಿದ ಕಾರಿನಲ್ಲಿ, ವಿಶೇಷವಾಗಿ ಮೈಯ ಏಣುಗಳ ಮೇಲೆ, ಅದಕ್ಕಿಂತ ಬಹಳ ಕಡಿಮೆ ಉಳಿದಿರುತ್ತದೆ. ಮತ್ತೆ ಬಣ್ಣ ಬಳಿದ ಕಡೆ ಇದರ ಎರಡರಷ್ಟು, ಪುಟ್ಟಿ ತುಂಬಿದ ಕಡೆ ಸಾವಿರ ಮೈಕ್ರಾನಿಗೂ ಮೇಲೆ ತೋರಬಹುದು. ಉಕ್ಕಿನ ಮೈಗೆ ಕಾಂತೀಯ ಮಾಪಕ ಸಾಕು. ಅಲ್ಯೂಮಿನಿಯಂ ಮೈಗೆ ಸುಳಿವಿದ್ಯುತ್ ಮಾಪಕ ಬೇಕು. ನಾರುಗಾಜಿನ ಮೈಗೆ ಇವೆರಡೂ ನಿಷ್ಪ್ರಯೋಜಕ, ಅಲ್ಲಿ ಶ್ರವಣಾತೀತ ತರಂಗದ ಮಾಪಕವೇ ಗತಿ. 1990ರ ದಶಕದ ಕೊನೆಯಲ್ಲಿ ಭಾರತದಲ್ಲೇ ತಯಾರಾದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರಿನ ಮೈ ನಾರುಗಾಜಿನದು. ಇಂಥ ಮೈಯಲ್ಲಿ ತುಕ್ಕಿನ ಭಯವಿಲ್ಲ. ಬದಲಾಗಿ ಬಣ್ಣದ ಕೆಳಗಿನ ರಾಳದ ಪದರದಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ, ಅವನ್ನು ಫಿಲ್ಮ್ ಮರೆಮಾಚುವುದೂ ಇಲ್ಲ, ತಡೆಯುವುದೂ ಇಲ್ಲ.

ಕರ್ನಾಟಕದ ರಸ್ತೆಯಲ್ಲಿರುವ ಹಳೆಯ ಕಾರುಗಳಲ್ಲಿ ಒಮ್ಮೆಯಾದರೂ ಮತ್ತೆ ಬಣ್ಣ ಬಳಿಸಿಕೊಂಡವೇ ಹೆಚ್ಚು. ಹೊರಗಿನ ಬಣ್ಣ ಎರಡು ಘಟಕಗಳ ಪಾಲಿಯುರೆಥೇನ್ ಆಗಿದ್ದು, ಹಳೆಯ ಬಣ್ಣವನ್ನು ಪೂರ್ತಿ ಕೆರೆದು ತಗಡಿನಿಂದ ಕೆಲಸ ಆರಂಭಿಸಿದ್ದರೆ ಫಿಲ್ಮಿಗೆ ಅಡ್ಡಿಯಿಲ್ಲ. ಹಳೆಯ ಡ್ಯೂಕೋ ಮೇಲೆ ಸರಿಯಾಗಿ ಉಜ್ಜದೆ ಹೊಸ ಬಣ್ಣ ಹೊಡೆದಿದ್ದರೆ ಎರಡರ ನಡುವಿನ ಹಿಡಿತವೇ ದುರ್ಬಲ. ಅಂಥ ಕಾರು ಹೊಸದರಂತೆ ಹೊಳೆಯುತ್ತದೆ. ಫಿಲ್ಮ್ ಸುಲಿಯುವ ದಿನದವರೆಗೆ ದೋಷ ಕಣ್ಣಿಗೆ ಬೀಳುವುದಿಲ್ಲ. ಬಣ್ಣದ ಹಿಡಿತವನ್ನು ಅಳೆಯಲು ಚೌಕುಳಿಯಾಗಿ ಕೊಯ್ದು ಟೇಪು ಅಂಟಿಸಿ ಕೀಳುವ ಪ್ರಮಾಣಿತ ಪರೀಕ್ಷೆಗಳಿವೆ. ಅವು ಬಣ್ಣವನ್ನು ಹಾಳುಮಾಡುವುದರಿಂದ ಕಾರಿನ ಮೇಲೆ ಮಾಡುವಂತಿಲ್ಲ. ಬದಲಿಗೆ ಮರೆಯ ಜಾಗದಲ್ಲಿ ಫಿಲ್ಮಿನ ಸಣ್ಣ ತುಂಡನ್ನು ಅಂಟಿಸಿ, ಕೆಲವು ವಾರ ಬಿಟ್ಟು ಸುಲಿದು ನೋಡುವುದು ಪುನರುಜ್ಜೀವನಕಾರರ ರೂಢಿ. ಕೂಡಲೇ ಸುಲಿದು ನೋಡುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಅಂಟಿನ ಹಿಡಿತ ದಿನ ಕಳೆದಂತೆ ಹೆಚ್ಚುತ್ತದೆ.

ಹೊಸದಾಗಿ ಬಣ್ಣ ಬಳಿದ ಕಾರಿಗೂ ಕಾಯುವ ಅವಧಿ ಇದೆ. ಬಣ್ಣದೊಳಗಿನ ದ್ರಾವಕ ಹೊರಹೋಗದೆ ಮೇಲೆ ಹಾಳೆ ಮುಚ್ಚಿದರೆ ಗುಳ್ಳೆಗಳೇಳುತ್ತವೆ. ಬೂತಿನಲ್ಲಿ ಬೇಯಿಸಿದ ಬಣ್ಣಕ್ಕೆ ಕಡಿಮೆ, ಗಾಳಿಗೆ ಒಣಗಿದ ಬಣ್ಣಕ್ಕೆ 30ರಿಂದ 90 ದಿನ ಎಂಬುದು ಸಾಮಾನ್ಯ ಲೆಕ್ಕ. ಮಳೆಗಾಲದಲ್ಲಿ ಬೂತಿಲ್ಲದ ಗ್ಯಾರೇಜಿನಲ್ಲಿ ಬಳಿದ ಕಾರಿಗೆ ಈ ಅವಧಿಯ ಕೊನೆಯ ಅಂಚನ್ನೇ ಹಿಡಿಯುವುದು ಒಳ್ಳೆಯದು.

ಕರ್ನಾಟಕದ ರಸ್ತೆ ಮತ್ತು ಹವೆ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳ ಮೂಲಕ ಸಾಗಿ ಶಿರಾಡಿ ಘಾಟಿಯಲ್ಲಿ ಇಳಿಯುತ್ತದೆ. ಕಾರಿನ ಬಣ್ಣಕ್ಕೆ ಎದುರಾಗುವ ಬಹುತೇಕ ಕಷ್ಟಗಳು ಈ ಒಂದೇ ದಾರಿಯಲ್ಲಿ ಸಿಗುತ್ತವೆ. ಬಯಲುಸೀಮೆಯ ಚತುಷ್ಪಥದಲ್ಲಿ ವೇಗ ಹೆಚ್ಚು. ಮುಂದಿನ ಲಾರಿಯ ಚಕ್ರದಿಂದ ಎದ್ದ ಜಲ್ಲಿಯ ಹರಳು ಎದುರು ಬರುವ ಕಾರಿನ ವೇಗವನ್ನೂ ಸೇರಿಸಿಕೊಂಡು ಬಡಿಯುತ್ತದೆ. ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟಾಗುತ್ತದೆ. ಘಾಟಿಯಲ್ಲಿ ವೇಗ ಕಡಿಮೆಯಾದರೂ ಮಳೆಗಾಲದ ನಂತರ ಕಿತ್ತುಬಂದ ರಸ್ತೆಯ ಸಡಿಲ ಜಲ್ಲಿ ತಳಭಾಗ ಮತ್ತು ಚಕ್ರದ ಹಿಂಬದಿಗೆ ಕಾಯಂ ಶತ್ರು. ಘಾಟಿ ಇಳಿದರೆ ಕರಾವಳಿಯ ಉಪ್ಪುಗಾಳಿ ಮತ್ತು ತೇವ.

ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಕಷ್ಟಗಳ ಸ್ವರೂಪ ಬದಲಾಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಂಥ ಹಳ್ಳಿಗಾಡಿನ ರಸ್ತೆಗಳಲ್ಲಿ ಜಲ್ಲಿಗಿಂತ ಧೂಳು ಹೆಚ್ಚು. ಹಳೆ ಮೈಸೂರು ಭಾಗದಲ್ಲಿ ಸುಗ್ಗಿಯ ಕಾಲಕ್ಕೆ ರಾಗಿ ಮತ್ತು ಹುರುಳಿಯನ್ನು ಡಾಂಬರಿನ ಮೇಲೆ ಹರಡಿ, ಹೋಗಿಬರುವ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವ ರೂಢಿ ಇದೆ. ಎತ್ತರದ ವಾಹನಗಳಿಗೆ ಇದು ಲೆಕ್ಕಕ್ಕಿಲ್ಲ. ನೆಲದಿಂದ ಒಂದು ಗೇಣು ಎತ್ತರದ ಕ್ರೀಡಾ ಕಾರಿನಲ್ಲಿ ಒಣಗಿದ ಹುರುಳಿ ಬಳ್ಳಿ ಮುಂಬಂಪರಿನ ಕೆಳತುಟಿಯನ್ನೂ ಬಾಗಿಲ ಕೆಳಗಿನ ಪಟ್ಟಿಯನ್ನೂ ಉದ್ದಕ್ಕೆ ಕೆರೆಯುತ್ತದೆ, ತಳದಲ್ಲಿ ಸುತ್ತಿಕೊಂಡು ಸೈಲೆನ್ಸರಿನ ಶಾಖಕ್ಕೆ ಹೊತ್ತಿಕೊಳ್ಳುವ ಅಪಾಯವೂ ಇದೆ. ಫಿಲ್ಮ್ ಗೀರನ್ನು ತಡೆದೀತು, ಬೆಂಕಿಯನ್ನಲ್ಲ.

ಮುಂಗಾರಿನ ಮೊದಲ ಮಳೆಯ ಸಂಜೆಗಳಲ್ಲಿ ದೀಪದ ಬೆಳಕಿಗೆ ಮುತ್ತುವ ಈಸಲುಹುಳುಗಳು ಬಾನೆಟ್ಟಿನ ಮೂತಿಗೆ ಅಪ್ಪಳಿಸಿ ಒಣಗುತ್ತವೆ. ಅವುಗಳ ರಸ ಮತ್ತು ಹಕ್ಕಿಯ ಹಿಕ್ಕೆ ಎರಡೂ ಬಿಸಿಲಿನಲ್ಲಿ ಬಣ್ಣವನ್ನು ಕೊರೆಯುತ್ತವೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾರು ತೊಳೆದು ಒರೆಸದೆ ಬಿಟ್ಟರೆ ಸುಣ್ಣದ ಬಿಳಿ ಚುಕ್ಕೆಗಳು ಉಳಿಯುತ್ತವೆ. ಈ ಚುಕ್ಕೆಗಳು ಫಿಲ್ಮಿನ ಮೇಲೂ ಬೀಳುತ್ತವೆ. ಬಣ್ಣದ ಮೇಲೆ ಬಿದ್ದರೆ ಉಜ್ಜಿ ತೆಗೆಯಬಹುದು. ಫಿಲ್ಮಿನ ಮೆದು ಮೇಲ್ಪದರವನ್ನು ಹಾಗೆ ಉಜ್ಜಲು ಬರುವುದಿಲ್ಲ.

ರಾಜ್ಯದ ಹಳೆಯ ಕಾರುಗಳೆಲ್ಲಕ್ಕೂ ಈ ಕಷ್ಟಗಳಿಲ್ಲ. ಧರ್ಮಸ್ಥಳದ ಕ್ಷೇತ್ರವು ಸಂಗ್ರಹಿಸಿರುವ ಕಾರುಗಳು, ಅದೇ ಕ್ಷೇತ್ರದ ವತಿಯಿಂದ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬದಿಗೆ ಸ್ಥಾಪಿತವಾದ ಪಯಣ ಸಂಗ್ರಹಾಲಯದ ಕಾರುಗಳು ಛಾವಣಿಯ ಕೆಳಗೆ ನಿಂತಿರುವಂಥವು. ಅಲ್ಲಿ ಜಲ್ಲಿ ಹಾರುವುದಿಲ್ಲ. ನಿಂತ ಕಾರಿಗೆ ಬೇಕಾದದ್ದು ನೆರಳು, ಗಾಳಿಯಾಟ ಮತ್ತು ಧೂಳನ್ನು ಎಳೆಯದೆ ಎತ್ತುವ ಮೆದು ಬಟ್ಟೆ. ಫಿಲ್ಮಿನ ಪ್ರಶ್ನೆ ಬರುವುದು ಭಾನುವಾರದ ರ್‍ಯಾಲಿಗೆ, ಘಾಟಿಯ ಪ್ರವಾಸಕ್ಕೆ ಹೊರಡುವ ಕಾರುಗಳಿಗೆ.

ಅಂಟಿಸುವ ಕ್ರಮ

ಮೊದಲು ಕಾರನ್ನು ತೊಳೆದು, ಮಣ್ಣಿನಂಥ ಮೆದು ಉಂಡೆಯಿಂದ ಉಜ್ಜಿ ಕಣ್ಣಿಗೆ ಕಾಣದ ಕಣಗಳನ್ನು ತೆಗೆಯಲಾಗುತ್ತದೆ. ಗೀರುಗಳಿದ್ದರೆ ಈ ಹಂತದಲ್ಲೇ ಪಾಲಿಷ್ ಮಾಡಬೇಕು. ಹಾಳೆಯ ಕೆಳಗೆ ಉಳಿದದ್ದು ಅದನ್ನು ತೆಗೆಯುವವರೆಗೆ ಹಾಗೆಯೇ ಉಳಿಯುತ್ತದೆ. ಪಾಲಿಷಿನ ಎಣ್ಣೆಯನ್ನು ಪೂರ್ತಿ ನೀಗಿಸಿದ ಬಳಿಕ ಮೈಗೂ ಹಾಳೆಯ ಅಂಟಿಗೂ ಶಾಂಪೂ ಬೆರೆಸಿದ ನೀರನ್ನು ಸಿಂಪಡಿಸಿ, ಹಾಳೆಯನ್ನು ಜಾರಿಸಿ ಜಾಗಕ್ಕೆ ಕೂರಿಸುತ್ತಾರೆ. ಹಿಡಿಯಬೇಕಾದ ತುದಿಗಳಿಗೆ ಆಲ್ಕೊಹಾಲ್ ಬೆರೆಸಿದ ನೀರನ್ನು ಹಾಯಿಸಿ, ರಬ್ಬರಿನ ಸ್ಕ್ವೀಜಿಯಿಂದ ನಡುವಿನಿಂದ ಅಂಚಿನ ಕಡೆಗೆ ನೀರನ್ನು ಹೊರದೂಡುತ್ತಾರೆ. ಉಳಿದ ತೇವ ಕೆಲವು ದಿನಗಳಲ್ಲಿ ಹಾಳೆಯ ಮೂಲಕವೇ ಆರಿಹೋಗುತ್ತದೆ. ಅಷ್ಟರವರೆಗೆ ಮೈ ಅಲ್ಲಲ್ಲಿ ಮಂಕಾಗಿ ಕಾಣುವುದು ಸಹಜ.

ಈಗಿನ ಮಾದರಿಗಳಿಗೆ ಕಂಪ್ಯೂಟರಿನಲ್ಲಿ ಸಿದ್ಧ ನಕ್ಷೆಗಳಿದ್ದು, ಪ್ಲಾಟರ್ ಯಂತ್ರ ಹಾಳೆಯನ್ನು ಮೊದಲೇ ಅಳತೆಗೆ ಕತ್ತರಿಸಿಕೊಡುತ್ತದೆ. ಬಹುಪಾಲು ಹಳೆಯ ಕಾರುಗಳಿಗೆ ಇಂಥ ನಕ್ಷೆಗಳೇ ಇಲ್ಲ. ಇದ್ದರೂ ಕೈಯಿಂದ ಬಡಿದು ಮಾಡಿದ ಮೈಗಳಲ್ಲಿ ಎಡಬಲ ಮಡ್‌ಗಾರ್ಡುಗಳೇ ಒಂದರಂತೆ ಇನ್ನೊಂದು ಇರುವುದಿಲ್ಲ. ಆಗ ಹಾಳೆಯನ್ನು ಕಾರಿನ ಮೇಲೆ ಹರಡಿ ಬ್ಲೇಡಿನಿಂದ ಕತ್ತರಿಸುವ ದಾರಿ ಹಿಡಿಯುತ್ತಾರೆ. ನುರಿತ ಕೈಯಾದರೂ ಒಮ್ಮೆ ಆಳ ತಪ್ಪಿದರೆ ಬಣ್ಣದಲ್ಲಿ ತಗಡಿನವರೆಗೆ ಗೆರೆ ಬೀಳುತ್ತದೆ, ಆ ಗೆರೆಯಲ್ಲೇ ತುಕ್ಕು ಆರಂಭವಾಗುತ್ತದೆ. ಸುರಕ್ಷಿತ ಮಾರ್ಗಗಳು ಎರಡು. ದರ್ಜಿಯಂತೆ ಕಂದು ಕಾಗದವನ್ನು ಮೈಮೇಲಿಟ್ಟು ಅಚ್ಚು ತೆಗೆದು, ಹಾಳೆಯನ್ನು ಮೇಜಿನ ಮೇಲೆ ಕತ್ತರಿಸುವುದು ಒಂದು. ಒಳಗೆ ಸಣ್ಣ ತಂತು ಇರುವ ಟೇಪನ್ನು ಮೊದಲು ಅಂಟಿಸಿ, ಹಾಳೆ ಕೂರಿಸಿದ ಬಳಿಕ ಆ ತಂತನ್ನು ಎಳೆದು ಹಾಳೆಯನ್ನು ಸೀಳುವುದು ಇನ್ನೊಂದು. ಎರಡಕ್ಕೂ ಸಮಯ ಹೆಚ್ಚು ಹಿಡಿಯುತ್ತದೆ, ಕೂಲಿಯೂ ಹೆಚ್ಚಾಗುತ್ತದೆ.

ಅಂಚುಗಳ ಸಮಸ್ಯೆ ಬೇರೆಯದೇ. ಹಾಳೆಯ ತುದಿಯನ್ನು ಫಲಕದ ಒಳಗೆ ಮಡಚಿದರೆ ಗೆರೆ ಕಾಣುವುದಿಲ್ಲ, ಧೂಳೂ ಕೂರುವುದಿಲ್ಲ. ಅದಕ್ಕಾಗಿ ಹೆಡ್‌ಲೈಟಿನ ಸುತ್ತುಬಳೆ, ಲಾಂಛನ, ರಬ್ಬರ್ ಬೀಡಿಂಗುಗಳನ್ನು ಬಿಚ್ಚಬೇಕಾಗುತ್ತದೆ. ಹಳೆಯ ಬೀಡಿಂಗ್ ಬಿಚ್ಚಿದರೆ ಪುಡಿಯಾಗುವುದೇ ಹೆಚ್ಚು, ಬದಲಿ ಭಾಗ ವಿದೇಶದಿಂದ ಬರಬೇಕು. ಜಾಗ್ವಾರ್ ಇ-ಟೈಪಿನ ಉದ್ದ ಬಾನೆಟ್ಟಿನ ಮೇಲಿರುವ ಗಾಳಿಕಿಂಡಿಗಳ ಸಾಲಿನಂಥ ಕಡೆ ಹಾಳೆಯನ್ನು ಒಂದೇ ತುಂಡಾಗಿ ಕೂರಿಸುವುದು ದುಸ್ಸಾಧ್ಯ. ಅಲ್ಲಿ ಮೂತಿಗಷ್ಟೇ ಹಾಳೆ ಹಾಕಿ ಕಿಂಡಿಗಳನ್ನು ಬಿಟ್ಟುಬಿಡುವುದೇ ವಿವೇಕ.

ಭಾಗಶಃ ಹಾಳೆ ಹಾಕುವುದರಲ್ಲಿ ಒಂದು ತೊಡಕಿದೆ. ಪಾರದರ್ಶಕ ಪದರವಿಲ್ಲದ ಹಳೆಯ ಬಣ್ಣ, ಮುಖ್ಯವಾಗಿ ಕೆಂಪು, ಬಿಸಿಲಿಗೆ ಮಂಕಾಗುತ್ತ ಹೋಗುತ್ತದೆ. ಮಾಲೀಕರು ಅದನ್ನು ಆಗಾಗ ಪಾಲಿಷ್ ಮಾಡಿ ಹೊಳಪು ತರುತ್ತಾರೆ. ಹಾಳೆಯ ಕೆಳಗಿನ ಬಣ್ಣಕ್ಕೆ ನೇರಳಾತೀತ ಕಿರಣವೂ ಕಡಿಮೆ, ಪಾಲಿಷೂ ಇಲ್ಲ. ಐದಾರು ವರ್ಷಗಳ ಬಳಿಕ ಹಾಳೆ ತೆಗೆದಾಗ ಬಾನೆಟ್ಟಿನ ಮೇಲೆ ಎರಡು ಛಾಯೆಗಳ ನಡುವೆ ನೇರ ಗೆರೆ ಉಳಿದಿರುತ್ತದೆ. ಆದ್ದರಿಂದ ಹಾಳೆಯ ಕೊನೆಯನ್ನು ಫಲಕದ ನಡುವೆ ನಿಲ್ಲಿಸದೆ, ಮೈಯ ಸಹಜ ಮಡಿಕೆ ಅಥವಾ ಸಂದಿನಲ್ಲಿ ನಿಲ್ಲಿಸುವುದು ವಾಸಿ.

ತುಕ್ಕು ಒಳಗಿನಿಂದ ಬರುತ್ತಿದ್ದರೆ ಹಾಳೆ ಏನೂ ಮಾಡಲಾರದು. ಪೋರ್ಷೆಯು 911ರ ಉಕ್ಕಿನ ಮೈಗೆ ಸತುವಿನ ಲೇಪವನ್ನು ವ್ಯಾಪಕವಾಗಿ ಕೊಟ್ಟದ್ದು 1976ರ ಮಾದರಿಯಿಂದ. ಅದಕ್ಕೂ ಹಿಂದಿನ ಕ್ರೀಡಾ ಕಾರುಗಳ ತಗಡಿಗೆ ಸಾಮಾನ್ಯವಾಗಿ ಬಣ್ಣವೇ ಕವಚವಾಗಿತ್ತು. ಗುಳ್ಳೆಯೆದ್ದ ಬಣ್ಣದ ಮೇಲೆ ಹಾಳೆ ಅಂಟಿಸಿದರೆ ಗುಳ್ಳೆ ಬೆಳೆಯುತ್ತಲೇ ಇರುತ್ತದೆ, ಕೆರೆದು ಸರಿಪಡಿಸುವ ಅವಕಾಶ ಮಾತ್ರ ಮುಂದೆ ಹೋಗುತ್ತದೆ.

ತೆಗೆಯುವಿಕೆ

ಉತ್ತಮ ಹಾಳೆಗಳಿಗೆ ಹತ್ತು ವರ್ಷದವರೆಗೂ ಖಾತರಿ ಕೊಡುತ್ತಾರೆ. ಹಳೆಯ ಕಾರಿನ ಮೇಲೆ ಅಷ್ಟು ಕಾಲ ಬಿಡುವುದು ಒಳ್ಳೆಯದಲ್ಲ. ಹಾಳೆ ಹಳತಾದಂತೆ ಅದರ ಎಳೆತದ ಶಕ್ತಿ ಕುಗ್ಗಿ ಹರಿಯತೊಡಗುತ್ತದೆ, ಅಂಟು ಮಾತ್ರ ಗಟ್ಟಿಯಾಗುತ್ತ ಹೋಗುತ್ತದೆ. ಮೆದುವಾಗಿ ಬಿಸಿಮಾಡಿ, ಹಾಳೆಯನ್ನು ಮೈಗೆ ಆದಷ್ಟು ಸಮಾನಾಂತರವಾಗಿ ಹಿಂದಕ್ಕೆ ಎಳೆಯುತ್ತ ನಿಧಾನವಾಗಿ ಸುಲಿಯುವುದು ಸರಿಯಾದ ಕ್ರಮ. ಮೇಲ್ಮುಖವಾಗಿ ಥಟ್ಟನೆ ಕಿತ್ತರೆ ಬಣ್ಣದ ಮೇಲೆ ಬೀಳುವ ಎಳೆತ ಒಂದೇ ಗೆರೆಯಲ್ಲಿ ಕೂಡಿಕೊಂಡು ಚಕ್ಕೆ ಏಳುತ್ತದೆ. ಎಲ್ಲಿಯಾದರೂ ಬಣ್ಣ ಏಳುವ ಸೂಚನೆ ಕಂಡರೆ ಅಲ್ಲಿಗೆ ನಿಲ್ಲಿಸಿ ಎದುರು ದಿಕ್ಕಿನಿಂದ ಆರಂಭಿಸುತ್ತಾರೆ. ಉಳಿದ ಅಂಟನ್ನು ತೆಗೆಯಲು ಬಳಸುವ ದ್ರಾವಕ ಲ್ಯಾಕರಿಗೆ ಒಗ್ಗುತ್ತದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕಾಗುತ್ತದೆ.

ಕೈಯಿಂದ ಬರೆದ ಚಿನ್ನದ ಗೆರೆಗಳು, ಹಳೆಯ ಪಂದ್ಯದ ಸಂಖ್ಯೆಗಳು, ಡೀಲರುಗಳ ಹೆಸರಿನ ಚಿತ್ರಪಟ್ಟಿಗಳ ಮೇಲೆ ಫಿಲ್ಮ್ ಹಾಕುವುದನ್ನು ಅನುಭವಿಗಳು ಒಪ್ಪುವುದಿಲ್ಲ. ಅವು ಬಣ್ಣಕ್ಕಿಂತ ಮೊದಲು ಹಾಳೆಯೊಂದಿಗೆ ಎದ್ದುಬರುತ್ತವೆ.

ಮೂಲರೂಪ ಮತ್ತು ಕಾನೂನು

ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 1966ರಲ್ಲಿ ಸ್ಥಾಪನೆಯಾಯಿತು. ಅದರ ಟ್ಯುರಿನ್ ಸನ್ನದು ವಾಹನದ ಮೇಲೆ ನಡೆಯುವ ಕೆಲಸ ಆದಷ್ಟು ಕಡಿಮೆ ಇರಬೇಕು, ಹಿಂದಕ್ಕೆ ಮರಳಿಸುವಂತಿರಬೇಕು, ದಾಖಲಾಗಿರಬೇಕು ಎಂಬ ದೃಷ್ಟಿಯನ್ನು ಮುಂದಿಡುತ್ತದೆ. ಮೇಲ್ನೋಟಕ್ಕೆ ಫಿಲ್ಮ್ ಈ ದೃಷ್ಟಿಗೆ ಸರಿಹೊಂದುತ್ತದೆ, ಏಕೆಂದರೆ ಅಂಟಿಸಿದ್ದನ್ನು ಸುಲಿಯಬಹುದು. ಮತ್ತೆ ಬಣ್ಣ ಬಳಿಯುವುದಕ್ಕಿಂತ ಅದು ಖಂಡಿತ ಮೇಲು. ಆದರೆ ಸುಲಿಯಬಹುದು ಎಂಬುದು ಬಣ್ಣದ ಹಿಡಿತ ಗಟ್ಟಿಯಿದ್ದಾಗ ಮಾತ್ರ ನಿಜ. ಕಾರ್ಖಾನೆಯ ಬಣ್ಣ ಉಳಿದಿರುವ, ಅಲ್ಲಲ್ಲಿ ಚಕ್ಕೆಯೆದ್ದ ಕಾರುಗಳಿಗೆ ಸಂಗ್ರಾಹಕರ ವಲಯದಲ್ಲಿ ಈಗ ಹೊಸ ಬಣ್ಣದ ಕಾರುಗಳಿಗಿಂತ ಹೆಚ್ಚಿನ ಗೌರವವಿದೆ. ಫಿಲ್ಮಿಗೆ ಅತಿ ಅಯೋಗ್ಯವಾದವೂ ಇವೇ ಕಾರುಗಳು. ಪ್ರದರ್ಶನ ಸ್ಪರ್ಧೆಗಳಲ್ಲಿ ಹಾಳೆಯ ಅಂಚು ಕಾಣುವುದು, ಹಳೆಯ ಲ್ಯಾಕರಿನ ಮೆದು ಹೊಳಪಿನ ಬದಲು ಪ್ಲಾಸ್ಟಿಕಿನ ಹೊಳಪು ಕಾಣುವುದು ತೀರ್ಪುಗಾರರಿಗೆ ಹಿಡಿಸುವುದಿಲ್ಲ ಎಂಬ ಆಕ್ಷೇಪವೂ ಇದೆ.

ಭಾರತದಲ್ಲಿ 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಕುರಿತ ಅಧ್ಯಾಯ ಸೇರಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ, ಮೈ ಮತ್ತು ಎಂಜಿನ್ ಗಣನೀಯವಾಗಿ ಮಾರ್ಪಡದೆ ಮೂಲರೂಪದಲ್ಲಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಹೊಸ ನೋಂದಣಿಗೆ ₹20,000, ನವೀಕರಣಕ್ಕೆ ₹5,000 ಶುಲ್ಕವಿದ್ದು, ನೋಂದಣಿಯ ಅವಧಿ 10 ವರ್ಷ. ರಾಜ್ಯದ ಸಂಕೇತದ ಬಳಿಕ ವಿಎ ಅಕ್ಷರಗಳಿರುವ ಸಂಖ್ಯೆಯನ್ನು ನೀಡಲಾಗುತ್ತದೆ. ಇಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗಿಳಿಸಬಹುದು. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಇಂಥ ಕಾರಿಗೆ ಇಡೀ ಮೈ ಮುಚ್ಚುವ ಹಾಳೆ ಅನಗತ್ಯ ಎಂಬ ವಾದಕ್ಕೆ ಈ ನಿರ್ಬಂಧವೇ ಬಲ ಕೊಡುತ್ತದೆ.

ಕಾರಿನ ಬಣ್ಣವನ್ನು ನೋಂದಣಿ ಪತ್ರದಲ್ಲಿ ನಮೂದಿಸಿರುತ್ತಾರೆ. ಪಾರದರ್ಶಕ ಹಾಳೆಯಿಂದ ಬಣ್ಣ ಬದಲಾಗದ ಕಾರಣ ತಿದ್ದುಪಡಿಯ ಪ್ರಶ್ನೆ ಬರುವುದಿಲ್ಲ. ಬಣ್ಣದ ಹಾಳೆಯಿಂದ ಕಾರಿನ ಮೈಬಣ್ಣವೇ ಬೇರೆಯಾದರೆ ಅದು ನೋಂದಣಿ ವಿವರಕ್ಕೆ ಹೊಂದುವುದಿಲ್ಲ. ಗಾಜಿನ ಮೇಲಿನ ಕಪ್ಪು ಫಿಲ್ಮುಗಳ ಬಗ್ಗೆ ಸುಪ್ರೀಂ ಕೋರ್ಟ್ 2012ರಲ್ಲಿ ನೀಡಿದ ತೀರ್ಪನ್ನು ಕೆಲವೊಮ್ಮೆ ಈ ಹಾಳೆಗೂ ಅನ್ವಯಿಸಿ ಗೊಂದಲ ಮಾಡಿಕೊಳ್ಳುವುದುಂಟು. ಆ ತೀರ್ಪು ಗಾಜಿನ ಮೂಲಕ ಬೆಳಕು ಹಾಯುವ ಪ್ರಮಾಣಕ್ಕೆ ಸಂಬಂಧಿಸಿದ್ದು, ಮೈಬಣ್ಣಕ್ಕಲ್ಲ.

ಇತರ ವಿಧಾನಗಳು

ಮೇಣದ ಪಾಲಿಷ್ ಅತ್ಯಂತ ಹಳೆಯ ವಿಧಾನ. ನೀರು ಮತ್ತು ಕಲೆಯಿಂದ ಕೆಲವು ವಾರಗಳ ರಕ್ಷಣೆ ಕೊಡುತ್ತದೆ, ಲ್ಯಾಕರಿಗೆ ನಿರಪಾಯಕಾರಿ. ಸೆರಾಮಿಕ್ ಲೇಪನ ಒಂದೆರಡು ಮೈಕ್ರಾನಿನಷ್ಟು ತೆಳುವಾದ ಗಟ್ಟಿ ಪದರ. ಹೊಳಪು ಮತ್ತು ತೊಳೆಯುವ ಸುಲಭತೆ ಇದರ ಲಾಭ. ಜಾಹೀರಾತುಗಳು ಏನೇ ಹೇಳಲಿ, ಅಷ್ಟು ತೆಳು ಪದರ ಹಾರಿಬರುವ ಕಲ್ಲನ್ನು ತಡೆಯಲಾರದು. ಸುಲಿದು ತೆಗೆಯಲೂ ಬಾರದ ಅದನ್ನು ಉಜ್ಜಿಯೇ ಸವೆಸಬೇಕು, ಜೊತೆಗೆ ಬಣ್ಣವೂ ಸವೆಯುತ್ತದೆ. ಕೆಲವು ಮಾಲೀಕರು ದೂರದ ರ್‍ಯಾಲಿಗೆ ಹೊರಡುವಾಗ ಮಾತ್ರ ಮೂತಿ ಮತ್ತು ಚಕ್ರದ ಹಿಂಬದಿಗೆ ಕಡಿಮೆ ಅಂಟಿನ ತಾತ್ಕಾಲಿಕ ಹಾಳೆ ಹಾಕಿ, ಮರಳಿದ ಕೂಡಲೇ ಸುಲಿಯುತ್ತಾರೆ. ಅಂಟು ಗಟ್ಟಿಯಾಗುವಷ್ಟು ಸಮಯ ಸಿಗದ ಕಾರಣ ಹಳೆಯ ಬಣ್ಣಕ್ಕೆ ಇದರಿಂದ ಅಪಾಯ ಕಡಿಮೆ. ಮುಂದಿನ ಚಕ್ರಗಳ ಹಿಂದೆ ರಬ್ಬರಿನ ಮಣ್ಣುತಡೆ ತೂಗುಹಾಕುವ ಹಳೆಯ ಉಪಾಯವೂ ಬಾಗಿಲ ಕೆಳಗಿನ ಪಟ್ಟಿಗಳನ್ನು ಚೆನ್ನಾಗಿಯೇ ಕಾಯುತ್ತದೆ.

ನಿರ್ವಹಣೆ

ಹಾಳೆ ಅಂಟಿಸಿದ ಬಳಿಕ ಸುಮಾರು ಒಂದು ವಾರ ಕಾರನ್ನು ತೊಳೆಯುವುದಿಲ್ಲ. ಒತ್ತಡದ ನೀರಿನ ಗನ್ನನ್ನು ಅಂಚುಗಳಿಗೆ ಹತ್ತಿರ ಹಿಡಿದರೆ ಹಾಳೆ ಏಳುತ್ತದೆ. ಹಿಕ್ಕೆ, ಹುಳುವಿನ ಕಲೆ, ಮರದ ಅಂಟು ಬಿದ್ದರೆ ಒಣಗುವ ಮುನ್ನ ನೆನೆಸಿ ತೆಗೆಯಬೇಕು. ಮೇಲ್ಪದರ ತಾಳಿಕೊಳ್ಳುವುದು ಗೀರನ್ನು ಮಾತ್ರ, ಇಂಗಿದ ಕಲೆಯನ್ನಲ್ಲ. ಸಣ್ಣ ಗೀರುಗಳು ಬಿಸಿಲಿಗೆ ಅಥವಾ ಬೆಚ್ಚಗಿನ ನೀರಿಗೆ ಮುಚ್ಚಿಕೊಳ್ಳುತ್ತವೆ. ಹಾಳೆಯನ್ನೇ ಸೀಳಿದ ಪೆಟ್ಟಿಗೆ ದುರಸ್ತಿಯಿಲ್ಲ, ಆ ಫಲಕದ ಹಾಳೆಯನ್ನು ಬದಲಿಸಬೇಕು. ಕರಾವಳಿಯಲ್ಲಿ ಅಥವಾ ಮಲೆನಾಡಿನ ಮಳೆಯಲ್ಲಿ ನಿಲ್ಲುವ ಕಾರಿನ ಮೇಲೆ ಬಟ್ಟೆಯ ಹೊದಿಕೆ ಹಾಕಿದಾಗ ತೇವ ಒಳಗೇ ಉಳಿದು ಹಾಳೆಯ ಅಂಚಿನಲ್ಲಿ ಪಾಚಿಯಂಥ ಕಪ್ಪು ಗೆರೆ ಕಟ್ಟುತ್ತದೆ. ಅಂಥ ಕಡೆ ಬಿಸಿಲು ಬಂದ ದಿನ ಹೊದಿಕೆ ಸರಿಸಿ ಕಾರಿಗೆ ಗಾಳಿಯಾಡಿಸುವುದು ರೂಢಿಯಲ್ಲಿದೆ.